ಪ್ರಾಕ್ಸಿ ಜಮಖಂಡಿಯಲ್ಲಿ, ಒರಿಜಿನಲ್ ಬೆಳಗಾವಿಯಲ್ಲಿ: ಶಾಟ್‌ಗಳು ಅದಲುಬದಲಾಗುವುದು ಯಾಕೆ?

ಪ್ರಶ್ನೆ: ನಮ್ಮದು ಬೆಳಗಾವಿ ಟಿಳಕವಾಡಿಯಲ್ಲಿ ಸಣ್ಣ ಸ್ಟುಡಿಯೊ ರೀ. ಸವದತ್ತಿ ಯಲ್ಲಮ್ಮನ ಜಾತ್ರೆ ಮೇಲೆ ಒಂದು ಡಾಕ್ಯುಮೆಂಟರಿ ಮಾಡ್ತಾ ಇದ್ದೀವಿ. ಎರಡು ಸೋನಿ ಕ್ಯಾಮೆರಾ, ಒಂದು ಡ್ರೋನ್, ಜೊತೆಗೆ ಮೊಬೈಲ್‌ನಲ್ಲಿ ತೆಗೆದದ್ದೂ ಇದೆ. ಎಲ್ಲಾ ಸೇರಿ 20 ತಾಸಿನಷ್ಟು ಫುಟೇಜ್. ನಮ್ಮ ಹತ್ತಿರ ವಿಂಡೋಸ್ ಡೆಸ್ಕ್‌ಟಾಪ್, ಎಡಿಟಿಂಗ್‌ಗೆ ಪ್ರೀಮಿಯರ್ ಪ್ರೊ. ಎಡಿಟ್ ಮಾಡೋ ಹುಡುಗ ಜಮಖಂಡಿಯಲ್ಲಿದ್ದಾನೆ, ಅವನದು 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಕಲರ್ ಮಾಡೋರು ವಿಜಯಪುರದಲ್ಲಿ, ಮ್ಯಾಕ್‌ಬುಕ್‌ನಲ್ಲಿ ಡಾವಿಂಚಿ ರಿಸಾಲ್ವ್. 4ಕೆ ಫೈಲ್‌ಗಳನ್ನು ಒಂದು ಕನ್ವರ್ಟರ್‌ಗೆ ಹಾಕಿ 1080ರ ಪ್ರಾಕ್ಸಿ, ಅಂದ್ರೆ ಎಡಿಟಿಂಗ್‌ಗೆ ಹಗುರಾದ ಸಣ್ಣ ನಕಲು, ಮಾಡಿ ಜಮಖಂಡಿಗೆ ಕಳಿಸಿದ್ವಿ. ಅವನು ಕಟ್ ಮಾಡಿ ಪ್ರಾಜೆಕ್ಟ್ ಫೈಲ್ ಕಳಿಸಿದ. ಇಲ್ಲಿ ಒರಿಜಿನಲ್‌ಗೆ ಲಿಂಕ್ ಮಾಡಿದರೆ ಎಷ್ಟೋ ಕಡೆ ಬೇರೆಯದೇ ಶಾಟ್ ಬರ್ತದೆ, ಕೆಲವು ಝೂಮ್ ಆಗಿವೆ, ಮೊಬೈಲ್ ಕ್ಲಿಪ್‌ನಲ್ಲಿ ತುಟಿಗೂ ಮಾತಿಗೂ ತಾಳ ಇಲ್ಲ, ಡ್ರೋನ್ ಕ್ಲಿಪ್ ಅಂತೂ ಕೂಡೋದೇ ಇಲ್ಲ. ಮೊದಲಿಂದ ಕಟ್ ಮಾಡಬೇಕೇನ್ರಿ?

ಉತ್ತರ: ಬೇಡ. ಯಾವ ಕ್ಲಿಪ್‌ನ ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ ಎಂಬ ಲೆಕ್ಕವೆಲ್ಲ ಪ್ರಾಜೆಕ್ಟ್ ಫೈಲಿನಲ್ಲಿ ಹಾಗೇ ಇದೆ. ಕೆಟ್ಟಿರುವುದು ಕ್ಲಿಪ್‌ಗಳ ಗುರುತು ಮಾತ್ರ. ನಿಮ್ಮ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಒಂದೇ ಏಟಿಗೆ ಎಲ್ಲವನ್ನೂ ಸರಿಪಡಿಸಲು ಹೋದರೆ ಇನ್ನಷ್ಟು ಕಗ್ಗಂಟಾಗುತ್ತದೆ. ಮೊದಲು ಪ್ರಾಜೆಕ್ಟ್ ಫೈಲಿನ ನಕಲು ಮಾಡಿಕೊಂಡು, ಕೆಳಗಿನದೆಲ್ಲ ಆ ನಕಲಿನ ಮೇಲೆ ಮಾಡಿ.

ಬೇರೆ ಶಾಟ್ ಬರುವುದರಿಂದ ಶುರು ಮಾಡೋಣ, ನಿಜವಾದ ಗಾಯ ಅದೇ. ಸೋನಿ ಕ್ಯಾಮೆರಾ ತನ್ನ ಕ್ಲಿಪ್‌ಗಳಿಗೆ ಸಿ0001, ಸಿ0002 ಎಂದು ಹೆಸರಿಡುತ್ತದೆ. ಮೆನುವಿನಲ್ಲಿ ಫೈಲ್ ನಂಬರ್ 'ರೀಸೆಟ್' ಎಂದಿದ್ದರೆ ಹೊಸ ಕಾರ್ಡ್ ಹಾಕಿದಾಗಲೆಲ್ಲ ಎಣಿಕೆ ಮತ್ತೆ ಒಂದರಿಂದ. ಎರಡು ಕ್ಯಾಮೆರಾ, ದಿನಕ್ಕೆ ಎರಡೆರಡು ಕಾರ್ಡ್, ಮೂರು ದಿನ ಎಂದಿಟ್ಟುಕೊಂಡರೂ ನಿಮ್ಮ ಬಳಿ ಸಿ0001 ಎಂಬ ಫೈಲ್ ಹನ್ನೆರಡು ಇರುತ್ತವೆ. ಯಲ್ಲಮ್ಮನ ಗುಡ್ಡದಲ್ಲಿ ನಿಂತು 'ಯಲ್ಲವ್ವಾ' ಎಂದು ಕೂಗಿದರೆ ಎಷ್ಟು ಮಂದಿ ತಿರುಗಿ ನೋಡುತ್ತಾರೋ, ಪ್ರೀಮಿಯರ್ 'ಸಿ0001' ಎಂದು ಕರೆದಾಗಲೂ ಅಷ್ಟೇ ಫೈಲ್‌ಗಳು ಓಗೊಡುತ್ತವೆ. ಎದುರಿಗೆ ಮೊದಲು ಸಿಕ್ಕಿದ್ದನ್ನು ಅದು ಹಿಡಿದುಕೊಳ್ಳುತ್ತದೆ. ಕ್ಲಿಪ್ ಬೇಕಾದಷ್ಟು ಉದ್ದವಿದ್ದರೆ ಎಚ್ಚರಿಕೆಯ ಮಾತೂ ಬರುವುದಿಲ್ಲ.

ಇದನ್ನು ಬಿಡಿಸುವುದು ಹೀಗೆ. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಲಿಪ್‌ಗಳನ್ನೆಲ್ಲ ಆರಿಸಿ 'ಮೇಕ್ ಆಫ್‌ಲೈನ್' ಕೊಡಿ. ಡಿಸ್ಕಿನಲ್ಲಿರುವ ಫೈಲ್ ಅಳಿಸುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಆಮೇಲೆ ಒಂದೊಂದೇ ಕಾರ್ಡಿನ ಕ್ಲಿಪ್‌ಗಳನ್ನು ಆರಿಸಿ ಬಲ ಕ್ಲಿಕ್ ಮಾಡಿ 'ಲಿಂಕ್ ಮೀಡಿಯಾ' ತೆರೆಯಿರಿ. ಅಲ್ಲಿ 'ರೀಲಿಂಕ್ ಅದರ್ಸ್ ಆಟೊಮ್ಯಾಟಿಕಲಿ' ಗುರುತನ್ನು ತೆಗೆಯಿರಿ. ಊರೆಲ್ಲ ಹುಡುಕಿ ತಪ್ಪು ಫೈಲ್ ತಂದು ಕೂರಿಸುವುದು ಇದರದೇ ಕೆಲಸ. ಹೊಂದಿಸುವ ಲಕ್ಷಣಗಳ ಸಾಲಿನಲ್ಲಿ 'ಫೈಲ್ ನೇಮ್' ಜೊತೆಗೆ 'ಮೀಡಿಯಾ ಸ್ಟಾರ್ಟ್' ಕೂಡ ಗುರುತು ಮಾಡಿ. ಮೀಡಿಯಾ ಸ್ಟಾರ್ಟ್ ಎಂದರೆ ಕ್ಲಿಪ್‌ನ ಮೊದಲ ಫ್ರೇಮಿನ ಟೈಮ್‌ಕೋಡ್, ಅಂದರೆ ಪ್ರತಿ ಫ್ರೇಮಿಗೂ ಕ್ಯಾಮೆರಾ ಬರೆಯುವ ಗಂಟೆ-ನಿಮಿಷ-ಸೆಕೆಂಡ್-ಫ್ರೇಮಿನ ಅಂಕಿ. ಕ್ಯಾಮೆರಾದಲ್ಲಿ ಟೈಮ್‌ಕೋಡ್ 'ರೆಕ್ ರನ್'ನಲ್ಲಿ (ರೆಕಾರ್ಡ್ ಆಗುವಾಗ ಮಾತ್ರ ಮುಂದೆ ಓಡುವಂತೆ) ಇದ್ದು ನಡುವೆ ಯಾರೂ ಸೊನ್ನೆ ಮಾಡಿರದಿದ್ದರೆ, ಹೆಸರು ಒಂದೇ ಆದರೂ ಎರಡು ಕಾರ್ಡಿನ ಸಿ0001ರ ಟೈಮ್‌ಕೋಡ್ ಬೇರೆ ಬೇರೆ ಇರುತ್ತದೆ. ಆದರೆ ಇದು ಕೆಲಸ ಮಾಡಬೇಕಾದರೆ ನಿಮ್ಮ ಕನ್ವರ್ಟರ್ ಟೈಮ್‌ಕೋಡನ್ನು ಸಣ್ಣ ಫೈಲಿಗೆ ದಾಟಿಸಿರಬೇಕು. ಎಷ್ಟೋ ಕನ್ವರ್ಟರ್‌ಗಳು ದಾಟಿಸುವುದಿಲ್ಲ, ಎಲ್ಲ ಕ್ಲಿಪ್‌ಗೂ 00:00:00:00 ಬರೆದುಬಿಡುತ್ತವೆ. ಹಾಗಾಗಿದ್ದರೆ ಉಳಿಯುವ ಗುರುತು ಕ್ಲಿಪ್‌ನ ಉದ್ದ ಮತ್ತು ಜಮಖಂಡಿಯ ಲ್ಯಾಪ್‌ಟಾಪಿನಲ್ಲಿ ಆ ಫೈಲ್ ಇದ್ದ ಫೋಲ್ಡರಿನ ಹೆಸರು. ಪ್ರಾಜೆಕ್ಟ್ ಪ್ಯಾನೆಲ್‌ನ ಪಟ್ಟಿ ನೋಟದಲ್ಲಿ ಫೈಲ್ ಪಾತ್ ಮತ್ತು ಮೀಡಿಯಾ ಡ್ಯುರೇಶನ್ ಕಾಲಮ್ ಹಾಕಿಕೊಂಡು ಕೈಯಿಂದಲೇ ಹೊಂದಿಸಬೇಕು. ಒಂದು ದಿನದ ಕೆಲಸ, ಬೇಸರದ ಕೆಲಸ. ಆದರೂ ಮೊದಲಿಂದ ಕಟ್ ಮಾಡುವುದಕ್ಕಿಂತ ಎಷ್ಟೋ ವಾಸಿ.

ಇನ್ನು ಝೂಮ್. ಹುಡುಗ 1080ರ ಫೈಲನ್ನೇ ಮೂಲವೆಂದು ಇಂಪೋರ್ಟ್ ಮಾಡಿದ್ದಾನೆ, ಸೀಕ್ವೆನ್ಸ್ (ಕಟ್‌ಗಳನ್ನು ಜೋಡಿಸುವ ಟೈಮ್‌ಲೈನ್) 1920×1080 ಆಗಿದೆ. ಅದರೊಳಗೆ 3840×2160 ಬಂದು ಕೂತಾಗ 100 ಸ್ಕೇಲ್ ಎಂದರೆ ನಡುವಿನ ಕಾಲು ಭಾಗ ಮಾತ್ರ ಕಾಣುತ್ತದೆ. ಮೊಬೈಲ್‌ನವು ಮೊದಲೇ 1080 ಇದ್ದುದರಿಂದ ಅವು ಹಾಗೇ ಉಳಿದಿವೆ, ನಿಮಗೆ 'ಕೆಲವು ಮಾತ್ರ' ಎನಿಸಿದ್ದು ಅದಕ್ಕೆ. ಸ್ಕೇಲ್ ಮುಟ್ಟಿರದ 4ಕೆ ಕ್ಲಿಪ್‌ಗಳನ್ನೆಲ್ಲ ಆರಿಸಿ 'ಸೆಟ್ ಟು ಫ್ರೇಮ್ ಸೈಜ್' ಕೊಡಿ, ಸ್ಕೇಲ್ 50ಕ್ಕೆ ಬರುತ್ತದೆ. ಎಡಿಟರ್ ಬೇಕೆಂದೇ 120, 140 ಮಾಡಿ ಹತ್ತಿರ ತಂದ ಶಾಟ್‌ಗಳಿಗೆ ಇದನ್ನು ಕೊಡಬೇಡಿ, ಅವನ ಲೆಕ್ಕ ಅಳಿಸಿಹೋಗುತ್ತದೆ. ಅವುಗಳ ಅಂಕಿಯನ್ನು ಅರ್ಧ ಮಾಡಿ: 120 ಇದ್ದದ್ದು 60. ಶಾಟಿನ ನಡುವೆ ಸ್ಕೇಲ್ ಬದಲಿಸುವ ಕೀಫ್ರೇಮ್ ಇದ್ದರೆ ಪ್ರತಿ ಕೀಫ್ರೇಮಿಗೂ ಹೀಗೇ. ಇದರ ಜೊತೆಗಿರುವ 'ಸ್ಕೇಲ್ ಟು ಫ್ರೇಮ್ ಸೈಜ್' ಹೆಸರಿನಲ್ಲಿ ಅವಳಿಯಂತಿದ್ದರೂ ಗುಣದಲ್ಲಿ ಬೇರೆ. ಅದು ಚಿತ್ರವನ್ನು ಸೀಕ್ವೆನ್ಸಿನ ಅಳತೆಗೆ ಇಳಿಸಿಬಿಡುತ್ತದೆ. ಆಮೇಲೆ ನೀವು ಹಿಗ್ಗಿಸಿದರೆ 4ಕೆಯ ವಿವರ ಸಿಗುವುದಿಲ್ಲ, ಮಸುಕಾಗುತ್ತದೆ.

ಮೊಬೈಲ್ ಕ್ಲಿಪ್‌ಗಳದು ಫ್ರೇಮ್ ರೇಟಿನ ರೋಗ. ಫೋನುಗಳು ಬೆಳಕಿಗೂ ಬಿಸಿಗೂ ತಕ್ಕಂತೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂದಿರದೆ ಏರುಪೇರು ಮಾಡುತ್ತವೆ. ಕನ್ವರ್ಟರ್ ಅದನ್ನು ಒಂದೇ ಸಮ ಮಾಡಿದೆ, ಆ ಸಮ ಫೈಲಿನ ಮೇಲೆ ಕಟ್ ಆಗಿದೆ. ಈಗ ಏರುಪೇರಿನ ಮೂಲಕ್ಕೆ ಲಿಂಕ್ ಮಾಡಿದರೆ ಕ್ಲಿಪ್‌ನ ಕೊನೆಗೆ ಹೋದಂತೆ ತುಟಿ ಜಾರುತ್ತದೆ. ಫೋನಿನ ಮೂಲ ಫೈಲುಗಳನ್ನು ಅದೇ ಕನ್ವರ್ಟರಿನಲ್ಲಿ, ಅದೇ ಫ್ರೇಮ್ ರೇಟಿಗೆ, ಆದರೆ ಪೂರ್ಣ ರೆಸಲ್ಯೂಶನ್‌ನಲ್ಲಿ, ಹೆಚ್ಚಿನ ಬಿಟ್‌ರೇಟಿಗೆ ಪರಿವರ್ತಿಸಿ ಅವಕ್ಕೆ ಲಿಂಕ್ ಮಾಡಿ. ಮುಂದಕ್ಕೆ ಅವೇ ನಿಮ್ಮ ಒರಿಜಿನಲ್. ಹ್ಯಾಂಡ್‌ಬ್ರೇಕ್ ಬಳಸುವುದಾದರೆ ವಿಡಿಯೊ ಟ್ಯಾಬಿನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಬೇಕು. 'ಪೀಕ್' ಎಂದೇ ಬಿಟ್ಟರೆ ರೋಗ ವಾಸಿಯಾಗಿರುವುದಿಲ್ಲ.

ಡ್ರೋನ್ ಕ್ಲಿಪ್ ಕೂಡದಿರುವುದಕ್ಕೆ ಎರಡು ಕಾರಣಗಳಿರುತ್ತವೆ. ಒಂದು, ಡ್ರೋನ್ ವಿಡಿಯೊಕ್ಕೆ ದನಿಯೇ ಇರುವುದಿಲ್ಲ, ಕನ್ವರ್ಟರ್ ಖಾಲಿ ಸ್ಟೀರಿಯೊ ಟ್ರ್ಯಾಕ್ ಸೇರಿಸಿರುತ್ತದೆ. ಆಡಿಯೊ ಚಾನೆಲ್ ಎಣಿಕೆ ಎರಡೂ ಕಡೆ ಒಂದೇ ಇರದಿದ್ದರೆ ಪ್ರೀಮಿಯರ್ ಪ್ರಾಕ್ಸಿಯನ್ನು ಒಪ್ಪುವುದಿಲ್ಲ. ಇನ್ನೊಂದು, 29.97ರಲ್ಲಿ ಹಾರಿಸಿದ್ದನ್ನು ಕನ್ವರ್ಟರ್ 25 ಮಾಡಿದೆ. ಸಾಮಾನ್ಯವಾಗಿ ಡ್ರೋನ್ ಶಾಟ್ ಹತ್ತೋ ಹದಿನೈದೋ ಇರುತ್ತವೆ. ಒಂದೊಂದನ್ನೂ ಕಣ್ಣಳತೆಯಲ್ಲಿ ಹೊಂದಿಸಿ ಒರಿಜಿನಲ್‌ನಿಂದ ಬದಲಿಸಿಬಿಡಿ. ಇದಕ್ಕೆ ಬುದ್ಧಿವಂತಿಕೆಯ ದಾರಿ ಹುಡುಕುತ್ತ ಕೂತರೆ ಸಮಯ ದಂಡ.

ಇಷ್ಟು ಈಗಿನ ರಿಪೇರಿ. ಮುಂದಿನ ಕೆಲಸಕ್ಕೆ ಇಡೀ ವ್ಯವಸ್ಥೆಯನ್ನೇ ಬೇರೆ ರೀತಿ ಕಟ್ಟಿಕೊಳ್ಳಿ. ಮೂರು ಊರು, ಮೂರು ಕಂಪ್ಯೂಟರ್ ಇದ್ದರೂ ಒಂದು ಕ್ಲಿಪ್‌ಗೆ ಒಂದೇ ಹೆಸರು, ಒಂದೇ ವಿಳಾಸ ಇರಬೇಕು. ಊರಿಂದೂರಿಗೆ ದಿನಾ ಓಡಾಡುವುದು ಪ್ರಾಜೆಕ್ಟ್ ಫೈಲ್ ಮಾತ್ರ.

ಕಾರ್ಡ್ ಕಾಪಿ ಮಾಡುವಾಗ ಬರೀ ಎಂಪಿ4 ಫೈಲ್‌ಗಳನ್ನು ಎಳೆದುಕೊಳ್ಳಬೇಡಿ, ಇಡೀ ಕಾರ್ಡನ್ನು ಹಾಗ್ಹಾಗೇ ಒಂದು ಫೋಲ್ಡರಿಗೆ ಇಳಿಸಿ. ಎರಡು ಬೇರೆ ಡಿಸ್ಕಿಗೆ, ಪರಿಶೀಲನೆ ಸಹಿತ. ವಿಂಡೋಸಿನಲ್ಲಿ ಟೆರಾಕಾಪಿಯ 'ವೆರಿಫೈ' ಆಯ್ಕೆ ಸಾಕು. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿರುವ 'ಕ್ಲೋನ್ ಟೂಲ್' ಕೂಡ ಚೆಕ್‌ಸಮ್ (ಮೂಲಕ್ಕೂ ನಕಲಿಗೂ ತಾಳೆ ನೋಡುವ ಅಂಕಿ) ಹಾಕಿ ಕಾಪಿ ಮಾಡುತ್ತದೆ, ಉಚಿತ ಆವೃತ್ತಿಯಲ್ಲೂ ಇದೆ. ಎರಡು ಡಿಸ್ಕುಗಳಲ್ಲಿ ಒಂದರ ನಕಲು ನಿಮ್ಮ ನೆಗೆಟಿವ್, ಅದನ್ನು ಬೀರುವಿನಲ್ಲಿಡಿ. ಇನ್ನೊಂದು ಕೆಲಸದ ನಕಲು. ಹೆಸರು ಬದಲಿಸುವುದು ಈ ಎರಡನೆಯದರಲ್ಲಿ ಮಾತ್ರ.

ಹೆಸರನ್ನು ಪ್ರಾಕ್ಸಿ ಮಾಡುವುದಕ್ಕಿಂತ ಮುಂಚೆಯೇ ಬದಲಿಸಬೇಕು, ಆಮೇಲೆ ಎಂದೂ ಅಲ್ಲ. ಕ್ಯಾಮೆರಾ ಕೊಟ್ಟ ಹೆಸರನ್ನು ಅಳಿಸದೆ ಅದರ ಮುಂದೆ ಸೇರಿಸಿ: ಕೆಲಸದ ಗುರುತು, ದಿನ, ಕ್ಯಾಮೆರಾ, ಕಾರ್ಡ್. 'ವೈಜೆ_ಡಿ2_ಬಿ_03_ಸಿ0014' ಎಂದರೆ ಯಲ್ಲಮ್ಮನ ಜಾತ್ರೆ, ಎರಡನೇ ದಿನ, ಬಿ ಕ್ಯಾಮೆರಾ, ಮೂರನೇ ಕಾರ್ಡ್, ಹದಿನಾಲ್ಕನೇ ಕ್ಲಿಪ್. ಮೂಲ ಹೆಸರು ಬಾಲದಲ್ಲಿ ಉಳಿಯುವುದರಿಂದ ಬೀರುವಿನ ನಕಲಿನಲ್ಲಿ ಹುಡುಕುವುದೂ ಸುಲಭ. ನೂರಾರು ಫೈಲ್‌ಗೆ ಒಮ್ಮೆಗೇ ಸೇರಿಸಲು ವಿಂಡೋಸಿನಲ್ಲಿ ಪವರ್‌ಟಾಯ್ಸ್‌ನ ಪವರ್‌ರಿನೇಮ್, ಮ್ಯಾಕ್‌ನಲ್ಲಿ ಫೈಂಡರಿನದೇ 'ರಿನೇಮ್' ಇದೆ. ಹೊಸ ಸೋನಿ ಮಾಡೆಲ್‌ಗಳಲ್ಲಿ ಫೈಲ್ ಸೆಟ್ಟಿಂಗ್ಸ್‌ಗೆ ಹೋಗಿ ಹೆಸರಿನ ಮುಂದೆ ಟೈಟಲ್ ಸೇರಿಸಬಹುದು. ಎ ಕ್ಯಾಮೆರಾಗೆ ಒಂದು, ಬಿ ಕ್ಯಾಮೆರಾಗೆ ಇನ್ನೊಂದು ಕೊಟ್ಟು ಫೈಲ್ ನಂಬರನ್ನು 'ಸೀರೀಸ್'ಗೆ ಹಾಕಿದರೆ ಅರ್ಧ ತಲೆನೋವು ಶೂಟಿಂಗ್‌ನಲ್ಲೇ ಮುಗಿಯಿತು. ಎವಿಸಿಎಚ್‌ಡಿಯಂಥ ಹಳೆಯ ಮಾದರಿಯ ಕಾರ್ಡುಗಳ ಒಳಗೆ ಮಾತ್ರ ಹೆಸರು ಬದಲಿಸಬೇಡಿ, ತುಂಡುತುಂಡಾಗಿ ಬರೆದ ಉದ್ದನೆಯ ಕ್ಲಿಪ್‌ಗಳ ಕೊಂಡಿ ಕಳಚುತ್ತದೆ.

ಫೈಲ್ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟರಲ್ಲೇ ಇರಲಿ. ಕನ್ನಡದ ಮೇಲಿನ ಅಭಿಮಾನಕ್ಕೆ ಇಲ್ಲಿ ಜಾಗವಿಲ್ಲ, ಅದಕ್ಕೆ ಖಚಿತವಾದ ಕಾರಣ ಇದೆ. 'ಗೋಕಾಕ' ಎಂಬ ಫೋಲ್ಡರ್ ಹೆಸರಿನ 'ಗೋ' ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು. ವಿಂಡೋಸಿನ ಕೀಬೋರ್ಡಿನಲ್ಲಿ ಒತ್ತಿದರೆ ಗಕಾರಕ್ಕೆ ಓಕಾರದ ಚಿಹ್ನೆ ಒಂದೇ ತುಣುಕಾಗಿ ಸೇರುತ್ತದೆ. ಹಳೆಯ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಫಾರ್ಮ್ಯಾಟಿನ ಡಿಸ್ಕಿಗೆ ಅದು ಹೋದಾಗ ಎತ್ವ, ಕೊಂಬು, ದೀರ್ಘ ಎಂದು ಮೂರು ತುಣುಕಾಗಿ ಒಡೆದು ಕೂರುತ್ತದೆ. ಪರದೆಯ ಮೇಲೆ ಎರಡೂ 'ಗೋ' ಎಂದೇ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಹೆಸರು. ಅಲ್ಲಿಂದ ಮರಳಿ ಬಂದ ಮೇಲೆ ಕಣ್ಣೆದುರೇ ಇರುವ ಫೈಲನ್ನು ಸಾಫ್ಟ್‌ವೇರ್ 'ಸಿಗಲಿಲ್ಲ' ಎನ್ನುತ್ತದೆ, ಏನು ತಪ್ಪೆಂದು ಎಷ್ಟು ದಿಟ್ಟಿಸಿದರೂ ಗೊತ್ತಾಗುವುದಿಲ್ಲ. ಈ, ಏ, ಐ, ಒ, ಓ ಗುಣಿತಗಳಿಗೆಲ್ಲ ಇದೇ ಗತಿ.

ಪ್ರಾಕ್ಸಿಗೆ ಯಾವ ಕೋಡೆಕ್, ಅಂದರೆ ವಿಡಿಯೊವನ್ನು ಒತ್ತಿ ಬರೆಯುವ ಯಾವ ವಿಧಾನ? ಮೊದಲು ಲ್ಯಾಪ್‌ಟಾಪ್ ಯಾಕೆ ತಿಣುಕುತ್ತದೆ ನೋಡಿ. ಸೋನಿಯ 10 ಬಿಟ್ 4:2:2, 4ಕೆ 25 ಫ್ರೇಮಿನ ಎಕ್ಸ್‌ಎವಿಸಿ ಎಸ್ ಸೆಕೆಂಡಿಗೆ 140 ಮೆಗಾಬಿಟ್. ಇದು ಎಚ್.264. ಪ್ರತಿ ಫ್ರೇಮೂ ಪೂರ್ಣ ಚಿತ್ರವಲ್ಲ, ಹಿಂದು ಮುಂದಿನ ಫ್ರೇಮುಗಳನ್ನು ಬಿಚ್ಚಿದರಷ್ಟೇ ನಡುವಿನದು ಕಾಣುತ್ತದೆ. ಎಚ್.264ನ 4:2:2 ಬಣ್ಣವನ್ನು ಬಹುತೇಕ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಚಿಪ್ ಬಿಚ್ಚಲಾರದು, ಹೊರೆಯೆಲ್ಲ ಸಿಪಿಯು ಹೆಗಲಿಗೆ. ಎಡಿಟಿಂಗಿಗೆ ಬಳಸುವ ಪ್ರೋರೆಸ್ ಎಂಬ ಕೋಡೆಕ್‌ನಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಫೈಲ್ ದಪ್ಪ, ಬಿಚ್ಚುವುದು ಹಗುರ.

ಲೆಕ್ಕ ಹಾಕಲು ಒಂದು ಸುಲಭ ಸೂತ್ರ: ಮೆಗಾಬಿಟ್ ಅಂಕಿಯನ್ನು 0.45ರಿಂದ ಗುಣಿಸಿದರೆ ಒಂದು ತಾಸಿಗೆ ಎಷ್ಟು ಜಿಬಿ ಎಂದು ಬರುತ್ತದೆ. 140 ಮೆಗಾಬಿಟ್ ಎಂದರೆ ತಾಸಿಗೆ 63 ಜಿಬಿ, 20 ತಾಸಿಗೆ 1.26 ಟಿಬಿ. 1080ರ ಪ್ರೋರೆಸ್ ಪ್ರಾಕ್ಸಿ 25 ಫ್ರೇಮಿಗೆ 38 ಮೆಗಾಬಿಟ್: ತಾಸಿಗೆ 17 ಜಿಬಿ, 20 ತಾಸಿಗೆ 340 ಜಿಬಿ. 10 ಮೆಗಾಬಿಟ್‌ನ ಎಚ್.264 ಪ್ರಾಕ್ಸಿಯಾದರೆ 90 ಜಿಬಿಯಲ್ಲಿ ಮುಗಿಯುತ್ತದೆ.

90 ಜಿಬಿ ನೋಡಿ ಆಸೆಯಾಗುವುದು ಸಹಜ. ಆದರೆ ನಿಮ್ಮ ವಿಷಯ ಯಲ್ಲಮ್ಮನ ಜಾತ್ರೆ. ಭಂಡಾರ ತೂರಿದಾಗ ಫ್ರೇಮಿನ ತುಂಬ ಹಳದಿ ಪುಡಿ, ಪ್ರತಿ ಕಣವೂ ಪ್ರತಿ ಫ್ರೇಮಿನಲ್ಲಿ ಬೇರೆ ಜಾಗದಲ್ಲಿ. ಹಿಂದಿನ ಫ್ರೇಮಿನಿಂದ ಊಹಿಸಿ ಬಿಟ್ ಉಳಿಸುವ ಎಚ್.264ಗೆ ಅಲ್ಲಿ ಊಹಿಸಲು ಏನೂ ಸಿಗುವುದಿಲ್ಲ. 10 ಮೆಗಾಬಿಟ್‌ನಲ್ಲಿ ಆ ಶಾಟ್ ಅರಿಶಿನ ಕಲಸಿದ ನೀರಿನ ಹಾಗೆ, ಚೌಕಚೌಕ ಕಲೆಗಳಾಗಿ ಕಾಣುತ್ತದೆ. ಜಮಖಂಡಿಯಲ್ಲಿ ಕೂತ ಹುಡುಗ 'ಫೋಕಸ್ ಔಟ್' ಎಂದು ಅದನ್ನು ಬದಿಗಿಡುತ್ತಾನೆ. ನಿಮ್ಮ ಅತ್ಯುತ್ತಮ ಶಾಟ್ ಪ್ರಾಕ್ಸಿಯ ತಪ್ಪಿಗೆ ಹೊರಗುಳಿಯುತ್ತದೆ. ಆದ್ದರಿಂದ ನಿಮಗೆ ಪ್ರೋರೆಸ್ ಪ್ರಾಕ್ಸಿಯೇ ಸರಿ. ಮದುವೆ ಮಂಟಪದಲ್ಲಿ ಕೂತು ಮಾತಾಡುವ ದೃಶ್ಯಗಳಿಗಾದರೆ ಎಚ್.264 ನಡೆಯುತ್ತದೆ. ಇದರ ತಿರುಗುಮುರುಗೂ ಉಂಟು: 1080ರಲ್ಲಿ ಚೊಕ್ಕಟವಾಗಿ ಕಂಡ ಮುಖ 4ಕೆಯಲ್ಲಿ ಫೋಕಸ್ ತಪ್ಪಿರಬಹುದು. ಫೋಕಸ್ ವಿಚಾರದಲ್ಲಿ ಕೊನೆಯ ತೀರ್ಪು ಒರಿಜಿನಲ್ ನೋಡಿಯೇ ಆಗಬೇಕು.

ಹೊರಗಿನ ಕನ್ವರ್ಟರ್ ಬಿಡಿ, ಪ್ರೀಮಿಯರ್‌ನಿಂದಲೇ ಮಾಡಿ. ಕ್ಲಿಪ್ ಆರಿಸಿ, ಬಲ ಕ್ಲಿಕ್, 'ಪ್ರಾಕ್ಸಿ', 'ಕ್ರಿಯೇಟ್ ಪ್ರಾಕ್ಸೀಸ್'. ಫ್ರೇಮ್ ಸೈಜ್ 'ಹಾಫ್', ಪ್ರಿಸೆಟ್ ಪ್ರೋರೆಸ್. ಹೀಗೆ ಮಾಡಿದಾಗ ಫ್ರೇಮ್ ರೇಟ್, ಆಡಿಯೊ ಚಾನೆಲ್, ಟೈಮ್‌ಕೋಡ್ ಮೂಲದಂತೆಯೇ ಬರುತ್ತವೆ, ಪ್ರಾಕ್ಸಿ ತಾನಾಗಿ ಅಂಟಿಕೊಳ್ಳುತ್ತದೆ. ನೀವು ಸ್ವಂತ ಪ್ರಿಸೆಟ್ ಮಾಡಿಕೊಂಡರೆ ಫ್ರೇಮ್ ರೇಟನ್ನು 25 ಎಂದು ಬಿಗಿಯದೆ ಮೂಲಕ್ಕೆ ತಕ್ಕಂತೆ ಬಿಡಿ. ಎಕ್ಸ್‌ಎಲ್‌ಆರ್ ಹ್ಯಾಂಡಲ್ ಹಾಕಿ ನಾಲ್ಕು ಚಾನೆಲ್ ರೆಕಾರ್ಡ್ ಮಾಡಿದ ಕ್ಲಿಪ್‌ಗಳಿಗೆ ಪ್ರಾಕ್ಸಿಯಲ್ಲೂ ನಾಲ್ಕು ಇರಬೇಕು. ವಾಟರ್‌ಮಾರ್ಕ್ ಆಯ್ಕೆ ಕಂಡರೆ ಹಾಕಿಕೊಳ್ಳಿ. ಮೂಲೆಯಲ್ಲಿ ಸಣ್ಣಗೆ 'ಪ್ರಾಕ್ಸಿ' ಎಂದಿದ್ದರೆ ಎಡಿಟಿಂಗಿಗೆ ಅಡ್ಡಿಯಿಲ್ಲ, ಫೈನಲ್ ಎಕ್ಸ್‌ಪೋರ್ಟಿನಲ್ಲಿ ಅದು ಕಂಡರೆ ಎಲ್ಲಿ ಎಡವಿದಿರೆಂದು ಕೂಡಲೇ ಗೊತ್ತಾಗುತ್ತದೆ.

ಎಸ್-ಲಾಗ್‌ನಲ್ಲಿ (ಕಲರ್ ಕೆಲಸಕ್ಕೆಂದು ಚಿತ್ರವನ್ನು ಪೇಲವವಾಗಿ ದಾಖಲಿಸುವ ಸೋನಿಯ ವಿಧಾನ) ಶೂಟ್ ಮಾಡಿದ್ದರೆ, ಬಣ್ಣ ಸರಿಪಡಿಸುವ ಲಟ್ ಫೈಲನ್ನು ಪ್ರಾಕ್ಸಿಯೊಳಗೇ ಅಚ್ಚೊತ್ತಿ ಕೂರಿಸಬೇಡಿ. ಒರಿಜಿನಲ್‌ಗೆ ಬದಲಾದಾಗ ಚಿತ್ರ ಪೇಲವವಾಗುತ್ತದೆ, ಅಥವಾ ಟೈಮ್‌ಲೈನಿನಲ್ಲೂ ಲಟ್ ಇದ್ದರೆ ಪ್ರಾಕ್ಸಿಯ ಮೇಲೆ ಎರಡು ಸಲ ಬೀಳುತ್ತದೆ. ಲಟ್ ಟೈಮ್‌ಲೈನಿನ ಮೇಲೆ ಅಡ್ಜಸ್ಟ್‌ಮೆಂಟ್ ಲೇಯರಿನಲ್ಲಿರಲಿ, ಅದರ ಫೈಲ್ ಪ್ರಾಜೆಕ್ಟಿನ ಜೊತೆಗೇ ಹೋಗಲಿ.

ಈ ಕೆಲಸ ಸ್ಟುಡಿಯೊ ಡೆಸ್ಕ್‌ಟಾಪಿನಲ್ಲಿ ರಾತ್ರಿ ಬಿಟ್ಟು ಹೋಗುವಂಥದ್ದು. ಎಷ್ಟು ಹೊತ್ತು ಬೇಕೆಂದು ತಿಳಿಯಲು 10 ನಿಮಿಷದ ಒಂದು ಕ್ಲಿಪ್ ಹಾಕಿ ಗಡಿಯಾರ ನೋಡಿ. ಅದು 4 ನಿಮಿಷ ತೆಗೆದುಕೊಂಡರೆ 20 ತಾಸಿಗೆ 8 ತಾಸು. ಯುಪಿಎಸ್ ಇಲ್ಲದೆ ರಾತ್ರಿ ಬಿಡಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಫೈಲಿನ ಸೂಚಿ ಬರೆಯದೆ ಉಳಿದು ಫೈಲ್ ತೆರೆಯುವುದೇ ಇಲ್ಲ. ಗಾತ್ರ ನೋಡಿದರೆ ಸರಿಯಾಗಿಯೇ ಇದ್ದಂತಿರುತ್ತದೆ. ಬೆಳಿಗ್ಗೆ ಮೊದಲ ಕೆಲಸ ಎಣಿಸುವುದು: ಒರಿಜಿನಲ್ 412 ಇದ್ದರೆ ಪ್ರಾಕ್ಸಿಯೂ 412 ಇರಬೇಕು. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ 'ಪ್ರಾಕ್ಸಿ' ಕಾಲಮ್ ಹಾಕಿಕೊಂಡು ಯಾವುದಕ್ಕೆ ಅಂಟಿಲ್ಲ ಎಂದು ನೋಡಿ.

ವಿಳಾಸದ ಮಾತಿಗೆ ಬರೋಣ. ವಿಂಡೋಸ್ ಯುಎಸ್‌ಬಿ ಡಿಸ್ಕಿಗೆ ಸಿಕ್ಕ ಸಿಕ್ಕ ಅಕ್ಷರ ಕೊಡುತ್ತದೆ, ನಿಮ್ಮಲ್ಲಿ 'ಇ', ಜಮಖಂಡಿಯಲ್ಲಿ 'ಎಫ್'. ಎರಡೂ ಕಂಪ್ಯೂಟರಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಈ ಡಿಸ್ಕುಗಳಿಗೆ 'ಆರ್' ಅಥವಾ 'ಟಿ' ಎಂದು ಬಿಗಿದುಬಿಡಿ. ವರ್ಣಮಾಲೆಯ ಕೊನೆಯತ್ತಣ ಅಕ್ಷರಗಳಿಗೆ ಪೆನ್‌ಡ್ರೈವ್ ಬಂದು ತಗಲುವುದಿಲ್ಲ. ಹುಡುಗ ಪ್ರಾಕ್ಸಿಯನ್ನು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಗೆ ಹಾಕಿಕೊಂಡರೂ 'ಸಬ್‌ಸ್ಟ್' ಆಜ್ಞೆಯಿಂದ ಆ ಫೋಲ್ಡರನ್ನೇ 'ಆರ್' ಡ್ರೈವ್ ಎಂದು ತೋರಿಸಬಹುದು. ರೀಸ್ಟಾರ್ಟ್ ಆದಾಗ ಅದು ಅಳಿಸಿಹೋಗುವುದರಿಂದ ಸ್ಟಾರ್ಟಪ್‌ನಲ್ಲಿ ಒಂದು ಬ್ಯಾಚ್ ಫೈಲ್ ಇಡಬೇಕು. 'ಆರ್'ನ ಒಳಗಿನ ಫೋಲ್ಡರ್ ರಚನೆ ಎರಡೂ ಕಡೆ ಅಕ್ಷರಶಃ ಒಂದೇ ಇರಲಿ: ಕೆಲಸದ ಹೆಸರು, ಅದರೊಳಗೆ ಒರಿಜಿನಲ್, ಪ್ರಾಕ್ಸಿ, ಆಡಿಯೊ, ಗ್ರಾಫಿಕ್ಸ್, ಪ್ರಾಜೆಕ್ಟ್. ಜಮಖಂಡಿಯಲ್ಲಿ 'ಒರಿಜಿನಲ್' ಮಾತ್ರ ಖಾಲಿ. ಪ್ರಾಜೆಕ್ಟ್ ತೆರೆದಾಗ ಒರಿಜಿನಲ್ ಎಲ್ಲಿ ಎಂದು ಪ್ರೀಮಿಯರ್ ಕೇಳುತ್ತದೆ. 'ಆಫ್‌ಲೈನ್ ಆಲ್' ಒತ್ತಬೇಕು, ಸಿಕ್ಕಿದ ಪ್ರಾಕ್ಸಿಯನ್ನು ಒರಿಜಿನಲ್ ಜಾಗಕ್ಕೆ ತೋರಿಸಿಕೊಡಬಾರದು. ಆ ಒಂದು ಕ್ಲಿಕ್ಕಿನಿಂದಲೇ ಝೂಮ್ ರಾಮಾಯಣ ಶುರುವಾಗುವುದು. ಪ್ರೋಗ್ರಾಂ ಮಾನಿಟರಿನ ಕೆಳಗೆ 'ಟಾಗಲ್ ಪ್ರಾಕ್ಸೀಸ್' ಬಟನ್ ಸೇರಿಸಿಕೊಂಡು ನೀಲಿಯಾಗಿ ಇಟ್ಟರೆ ಚಿತ್ರ ಬರುತ್ತದೆ.

340 ಜಿಬಿಯನ್ನು ಇಂಟರ್ನೆಟ್‌ನಲ್ಲಿ ಕಳಿಸುವ ಹಟ ಬೇಡ. ಅಪ್‌ಲೋಡ್ 50 ಎಂಬಿಪಿಎಸ್ ಪೂರ್ತಿ ಸಿಕ್ಕರೂ 15 ತಾಸು. 500 ಜಿಬಿಯ ಎಸ್‌ಎಸ್‌ಡಿಯನ್ನು ಜಮಖಂಡಿ ಬಸ್ಸಿಗೆ ಹೊರಟವರ ಕೈಯಲ್ಲಿ ಕೊಟ್ಟರೆ ಸಂಜೆಗೆ ಮುಟ್ಟಿರುತ್ತದೆ. ಎಸ್‌ಎಸ್‌ಡಿ ಎಂದೇ ಹೇಳುತ್ತಿರುವುದಕ್ಕೆ ಕಾರಣ ಬಸ್ಸಿನ ಕುಲುಕಾಟ, ತಿರುಗುವ ಹಾರ್ಡ್ ಡಿಸ್ಕ್ ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಆಮೇಲೆ ದಿನನಿತ್ಯ ಓಡಾಡುವ ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ, ಮೇಲ್ ಮಾಡಿದರೆ ಸಾಕು. ಹೆಸರಿನ ಕೊನೆಗೆ 01, 02 ಎಂದು ಎಣಿಕೆ ಇರಲಿ. 'ಫೈನಲ್', 'ನ್ಯೂ ಫೈನಲ್', 'ಫೈನಲ್ ಫೈನಲ್' ಸಂಸ್ಕೃತಿ ಬಿಡಿ. ಒಂದು ಹೊತ್ತಿನಲ್ಲಿ ಒಬ್ಬರೇ ಪ್ರಾಜೆಕ್ಟ್ ಮುಟ್ಟಬೇಕು. ಎರಡೂ ಕಡೆ ಪ್ರೀಮಿಯರ್ ಒಂದೇ ಆವೃತ್ತಿ ಇರಬೇಕು, ಹೊಸದರಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ.

ಮರೆತುಹೋಗುವ ಒಂದು ಬಾಬತ್ತು: ಹುಡುಗ ತಾನೇ ತಂದು ಸೇರಿಸಿದ ಸಂಗೀತ, ಸ್ಟಿಲ್ ಫೋಟೊ, ಸೌಂಡ್ ಎಫೆಕ್ಟ್. ಅವೆಲ್ಲ ಅವನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂತಿರುತ್ತವೆ, ನಿಮ್ಮಲ್ಲಿ ಪ್ರಾಜೆಕ್ಟ್ ತೆರೆದಾಗ ಕೆಂಪು ಪರದೆ. ಹೊಸದಾಗಿ ಬಂದದ್ದು ಏನಿದ್ದರೂ ಮೊದಲು 'ಆರ್'ನ ಒಳಗಿನ ಒಂದು ಫೋಲ್ಡರಿಗೆ, ಅಲ್ಲಿಂದಷ್ಟೇ ಟೈಮ್‌ಲೈನಿಗೆ, ವಾರಕ್ಕೊಮ್ಮೆ ಆ ಫೋಲ್ಡರ್ ಬೆಳಗಾವಿಗೆ. ಕನ್ನಡ ಟೈಟಲ್‌ಗಳದೂ ಇಂಥದೇ ಕಥೆ. ಫಾಂಟ್ ಎರಡೂ ಕಡೆ ಇರಬೇಕು. ಅದಿದ್ದೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾದ ಭಾಷೆಗಳದ್ದಕ್ಕೆ ಬದಲಿಸಬೇಕು. ಈ ಸೆಟ್ಟಿಂಗ್ ಪ್ರಾಜೆಕ್ಟಿನ ಜೊತೆ ಪ್ರಯಾಣ ಮಾಡುವುದಿಲ್ಲ, ಪ್ರತಿ ಕಂಪ್ಯೂಟರಿನಲ್ಲೂ ಪ್ರತ್ಯೇಕ. ನುಡಿ ಫಾಂಟಿನ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಟಲ್ ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡಿಗೆ ಬನ್ನಿ.

8 ಜಿಬಿ ರ‍್ಯಾಮ್ ಬಗ್ಗೆ ಒಂದು ಮಾತು. ಪ್ರಾಕ್ಸಿ ಡಿಕೋಡ್ ಹೊರೆ ಇಳಿಸುತ್ತದೆ, ರ‍್ಯಾಮ್ ಕೊರತೆ ನೀಗಿಸುವುದಿಲ್ಲ. 412 ಕ್ಲಿಪ್‌ಗಳ ಪ್ರಾಜೆಕ್ಟ್ ತೆರೆದು ಜೊತೆಗೆ ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ಇಟ್ಟರೆ ಯಾವ ಪ್ರಾಕ್ಸಿಯೂ ಕಾಪಾಡದು. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇದ್ದರೆ ಮೊದಲ ಖರ್ಚು ಅದಕ್ಕೇ ಆಗಲಿ.

ಕೊನೆಗೆ ವಿಜಯಪುರ. ಕಲರ್‌ಗೆ ಪ್ರಾಕ್ಸಿ ನಡೆಯುವುದಿಲ್ಲ, ಒರಿಜಿನಲ್ಲೇ ಹೋಗಬೇಕು. ಕಟ್ ಲಾಕ್ ಆದ ಮೇಲೆ ಪ್ರೀಮಿಯರ್‌ನ 'ಪ್ರಾಜೆಕ್ಟ್ ಮ್ಯಾನೇಜರ್'ನಲ್ಲಿ 'ಕಲೆಕ್ಟ್ ಫೈಲ್ಸ್' ಆರಿಸಿ, ಬಳಸದ ಕ್ಲಿಪ್‌ಗಳನ್ನು ಬಿಟ್ಟು ಮಿಕ್ಕವನ್ನು ಇನ್ನೊಂದು ಎಸ್‌ಎಸ್‌ಡಿಗೆ ಇಳಿಸಿ. ಡಿಸ್ಕ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿರಲಿ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯಲಾರದು. ಎಪಿಎಫ್‌ಎಸ್ ಆದರೆ ವಿಂಡೋಸಿಗೆ ಕಾಣುವುದೇ ಇಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬರೆಯುತ್ತಿರುವ ಬದಲಾವಣೆಗಳ ದಾಖಲೆ) ಇಲ್ಲದ ಕಾರಣ 'ಇಜೆಕ್ಟ್' ಮಾಡದೆ ಕಿತ್ತರೆ ಕೆಡುವುದು ಬೇಗ. ಮ್ಯಾಕ್‌ನಲ್ಲಿ ಡ್ರೈವ್ ಅಕ್ಷರವಿಲ್ಲ, ಡಿಸ್ಕಿನ ಹೆಸರೇ ವಿಳಾಸ, ಆದ್ದರಿಂದ 'ನ್ಯೂ ವಾಲ್ಯೂಮ್' ಎಂದಿರದೆ ಕೆಲಸದ ಹೆಸರಿರಲಿ.

ಜೊತೆಗೆ ಎರಡು ಫೈಲ್ ಕಳಿಸಿ: ಕಟ್‌ಗಳ ಪಟ್ಟಿಯನ್ನು ಬೇರೆ ಸಾಫ್ಟ್‌ವೇರಿಗೆ ದಾಟಿಸುವ ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್, ಮತ್ತು ಇಡೀ ಸೀಕ್ವೆನ್ಸಿನ 1080 ಎಚ್.264 ಎಕ್ಸ್‌ಪೋರ್ಟ್, ಟೈಮ್‌ಕೋಡ್ ಮೇಲೆ ಅಚ್ಚಾಗಿರುವಂತೆ. ರಿಸಾಲ್ವ್‌ನಲ್ಲಿ ಮೊದಲು ಒರಿಜಿನಲ್‌ಗಳನ್ನು ಮೀಡಿಯಾ ಪೂಲಿಗೆ ತಂದು, ಎಕ್ಸ್‌ಎಂಎಲ್ ಇಂಪೋರ್ಟ್ ಮಾಡುವಾಗ ಮೂಲ ಕ್ಲಿಪ್‌ಗಳನ್ನು ತಾನಾಗಿ ತರುವ ಆಯ್ಕೆಯನ್ನು ತೆಗೆದುಬಿಡಬೇಕು. ಆಗ ಅದು ವಿಂಡೋಸಿನ ವಿಳಾಸ ಹುಡುಕುವುದಿಲ್ಲ, ಹೆಸರು ಮತ್ತು ಟೈಮ್‌ಕೋಡ್ ನೋಡಿ ಹೊಂದಿಸುತ್ತದೆ. ಹನ್ನೆರಡು ಸಿ0001 ಇದ್ದರೆ ಇಲ್ಲೂ ಅದೇ ಗೋಳು. ಅಲುಗಾಟ ತಗ್ಗಿಸುವ ವಾರ್ಪ್ ಸ್ಟೆಬಿಲೈಸರ್ ಈ ದಾರಿಯಲ್ಲಿ ದಾಟಿ ಹೋಗುವುದಿಲ್ಲ, ನೆಸ್ಟ್ (ಸೀಕ್ವೆನ್ಸಿನೊಳಗಿನ ಸೀಕ್ವೆನ್ಸ್) ಮತ್ತು ವೇಗ ಏರಿಳಿಸುವ ಸ್ಪೀಡ್ ರ‍್ಯಾಂಪ್‌ಗಳು ಹಲವು ಸಲ ಮುರಿಯುತ್ತವೆ. ಎಕ್ಸ್‌ಪೋರ್ಟ್ ಮಾಡಿದ 1080 ಫೈಲನ್ನು ರೆಫರೆನ್ಸ್ ಆಗಿ ಪಕ್ಕದಲ್ಲಿಟ್ಟು ಶಾಟ್‌ನಿಂದ ಶಾಟ್‌ಗೆ ತಾಳೆ ನೋಡುವುದು ಅದಕ್ಕೇ. ಸ್ಟೆಬಿಲೈಸ್, ಟ್ರ್ಯಾಕಿಂಗ್, ನಾಯ್ಸ್ ತೆಗೆಯುವ ಕೆಲಸಗಳನ್ನು ಪ್ರಾಕ್ಸಿಯ ಮೇಲೆ ಮಾಡಲೇಬೇಡಿ, ಒರಿಜಿನಲ್ ಕೂತ ಮೇಲಿನ ಕೆಲಸ ಅವು.

ವಿಜಯಪುರದವರು ತಮ್ಮ ಅನುಕೂಲಕ್ಕೆ ರಿಸಾಲ್ವ್‌ನಲ್ಲಿ ಪ್ರಾಕ್ಸಿ ಮಾಡಿಕೊಂಡರೆ ಅಡ್ಡಿಯಿಲ್ಲ. ರಿಸಾಲ್ವ್ 18ರಿಂದ ಜೊತೆಗೇ ಬರುವ ಬ್ಲ್ಯಾಕ್‌ಮ್ಯಾಜಿಕ್ ಪ್ರಾಕ್ಸಿ ಜನರೇಟರ್, ಒರಿಜಿನಲ್ ಇರುವ ಫೋಲ್ಡರಿನೊಳಗೇ 'ಪ್ರಾಕ್ಸಿ' ಎಂಬ ಉಪಫೋಲ್ಡರ್ ಮಾಡಿ ಹಾಕುತ್ತದೆ, ರಿಸಾಲ್ವ್ ತಾನೇ ಅದನ್ನು ಗುರುತಿಸುತ್ತದೆ. ಹಳೆಯ 'ಆಪ್ಟಿಮೈಸ್ಡ್ ಮೀಡಿಯಾ' ಹಾಗಲ್ಲ. ಅದು ಆ ಕಂಪ್ಯೂಟರಿನ ಕ್ಯಾಶ್‌ನಲ್ಲಿ ಹುಟ್ಟಿ ಅಲ್ಲೇ ಮುಗಿಯುವಂಥದ್ದು, ಊರಿಂದೂರಿಗೆ ಒಯ್ಯಲು ತಕ್ಕುದಲ್ಲ. ಗ್ರೇಡ್ ಮಾಡುವಾಗ ಪ್ಲೇಬ್ಯಾಕ್ ಮೆನುವಿನಲ್ಲಿ ಕ್ಯಾಮೆರಾ ಒರಿಜಿನಲ್‌ಗೆ ಆದ್ಯತೆ ಕೊಟ್ಟಿರಬೇಕು. ಡೆಲಿವರ್ ಪುಟದಲ್ಲಿ 'ಯೂಸ್ ಪ್ರಾಕ್ಸಿ ಮೀಡಿಯಾ'ಗೆ ಗುರುತು ಇರಬಾರದು.

ಅವರಿಂದ ವಾಪಸ್ ಬರುವುದು 4ಕೆ ಪ್ರೋರೆಸ್ 422 ಎಚ್‌ಕ್ಯು ಆದರೆ 25 ಫ್ರೇಮಿಗೆ ಸೆಕೆಂಡಿಗೆ 737 ಮೆಗಾಬಿಟ್, ತಾಸಿಗೆ 332 ಜಿಬಿ. ಡಿಸ್ಕಿನಲ್ಲಿ ಅಷ್ಟು ಜಾಗ ಖಾಲಿ ಬಿಟ್ಟೇ ಕಳಿಸಿ. ನಿಮ್ಮ ಡೆಸ್ಕ್‌ಟಾಪಿನಿಂದ ಕೊನೆಯ ಎಕ್ಸ್‌ಪೋರ್ಟ್ ಮಾಡುವಾಗ 'ಯೂಸ್ ಪ್ರಾಕ್ಸೀಸ್', 'ಯೂಸ್ ಪ್ರಿವ್ಯೂಸ್' ಎರಡರ ಗುರುತೂ ತೆಗೆದಿರಲಿ. ಬಂದ ಫೈಲಿನಲ್ಲಿ ಭಂಡಾರ ತೂರುವ ಶಾಟ್‌ಗೆ ಹೋಗಿ 100 ಪರ್ಸೆಂಟ್ ಗಾತ್ರದಲ್ಲಿ ನಿಲ್ಲಿಸಿ ನೋಡಿ. ಪುಡಿ ಕಣಕಣವಾಗಿ ಬಿಡಿಬಿಡಿ ಕಂಡರೆ ಒರಿಜಿನಲ್ ಕೂತಿದೆ. ಹಳದಿ ಚೌಕಗಳು ಕಂಡರೆ ಎಲ್ಲೋ ಒಂದು ಪ್ರಾಕ್ಸಿ ಒಳಗೆ ಉಳಿದುಕೊಂಡಿದೆ.